ಅತ್ತೆ ಮನೆಯ ಚಿಲಕ

ಬಂಗಾರಪೇಟೆ
28 ಜೂನ್ 2025

ಪ್ರೀತಿಯ ಅತ್ತೆ,

ಮದುವೆಯಾಗಿ ಎರಡು ತಿಂಗಳು ತುಂಬುವ ಮೊದಲೇ ಹೊಸ ಹೆಂಡತಿಯನ್ನು ತವರಿಗೆ ಓಡಿಸುವ ಈ ಆಷಾಢವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಅವರಿಗೆ ಹೊಸದಾಗಿ ಮದುವೆ ಆಗಿರಲಿಲ್ಲ ಅನ್ನುವುದಂತೂ ಖಂಡಿತ! ಅತ್ತೆ ಸೊಸೆ ಒಂದು ತಿಂಗಳು ಒಂದೇ ಹೊಸ್ತಿಲು ದಾಟಬಾರದು, ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರಬಾರದು. ಸರಿ, ಒಪ್ಪಿದೆ. ಆದರೆ ಅತ್ತೆಯ ಜೊತೆ ಮಾತಾಡಬಾರದು ಅಂತ ಯಾರೂ ಹೇಳಿಲ್ಲವಲ್ಲ! ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಮೊಬೈಲಿನ ಅಕ್ಷರ ನೋಡಿದರೆ ಇರುವೆ ಹರಿದ ಹಾಗಿದೆ ಅನ್ನುತ್ತೀರಿ. ನಾನು ಬಸ್ಸು ಹತ್ತುವಾಗ ನೀವೇ ಹೇಳಿದಿರಿ, ‘ಏನಾನ ಏಳೋದಿದ್ರೆ ಕಾಗ್ದ ಬರಿ, ದಪ್ಪಕ್ಕೆ ಬರಿ’ ಅಂತ. ಅದಕ್ಕೇ ಈ ದಪ್ಪ ಅಕ್ಷರ. ಎಸ್ಸೆಸ್ಸೆಲ್ಸಿ ಆದ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪು ಕಂಡರೆ ನನ್ನನ್ನು ಬೈಯಬೇಡಿ, ನನ್ನ ಇಂಗ್ಲಿಷ್ ಮೀಡಿಯಂ ಸ್ಕೂಲನ್ನು ಬೈಯಿರಿ.

ಈಗ ಒಂದು ಗುಟ್ಟು. ನಿಮ್ಮ ಮಗ ಸಂಜೆ ಫ್ಯಾಕ್ಟರಿ ಬಿಟ್ಟ ಮೇಲೆ ‘ಫ್ರೆಂಡ್ಸ್ ಜೊತೆ’ ಎಲ್ಲಿಗೆ ಹೋಗುತ್ತಾರೆ ಗೊತ್ತಾ? ರೈಲು ಹತ್ತಿ ನೇರ ಬಂಗಾರಪೇಟೆಗೆ, ನಮ್ಮಪ್ಪನ ಚಾಟ್ಸ್ ಗಾಡಿಗೆ! ಅಳಿಯ ಮನೆಗೆ ಬರಬಾರದು, ಸರಿ. ಗಾಡಿಗೆ ಹೊಸ್ತಿಲೇ ಇಲ್ಲವಲ್ಲ! ಆದರೆ ಅಪ್ಪ ಬಲು ಸ್ಟ್ರಿಕ್ಟು.

‘ಏನ್ ಕೊಡ್ಲಿ ಸಾರ್?’

‘ಒಂದ್ ಪ್ಲೇಟ್ ಪಾನಿಪೂರಿ, ಮಾವ.’

‘ಇಲ್ಲಿ ಮಾವ ಗೀವ ಯಾರೂ ಇಲ್ಲ. ಲೈನಲ್ಲಿ ಬರ್ಬೇಕು.’

ನಿಮ್ಮ ಮಗ ನಂದು, ಪಾಪ, ಬಿಕ್ಕಳಿಕೆ ಬರುವ ತನಕ ತಿಂದರು. ಪ್ಲೇಟು ಖಾಲಿಯಾದರೆ ಜಾಗ ಖಾಲಿ ಮಾಡಬೇಕಲ್ಲ! ನಾನು ಅಪ್ಪನ ಹಿಂದೆ ಈರುಳ್ಳಿ ಹೆಚ್ಚುತ್ತಾ ನಿಂತಿದ್ದೆ. ಕಣ್ಣಲ್ಲಿ ನೀರು. ಈರುಳ್ಳಿಗೆ ಅಂತ ಹೇಳಿದೆ. (ಗಂಡನ ಹೆಸರು ಹಿಡಿದು ಬರೆಯಬೇಡ ಅಂತ ಅಮ್ಮ ಪಕ್ಕದಲ್ಲೇ ಕೂತು ಗೊಣಗುತ್ತಿದ್ದಾರೆ. ಬರೆದಾಯಿತು, ಏನು ಮಾಡಲಿ.) ಈ ಕಾಗದವನ್ನೂ ನಿಮ್ಮ ಮಗನ ಕೈಯಲ್ಲೇ ಕಳಿಸುತ್ತೇನೆ. ಓದಬಾರದು ಅಂತ ಗೋಂದು ಬಳಿದು ಅಂಟಿಸಿದ್ದೇನೆ.

ಇಷ್ಟು ಹೊತ್ತು ತಡೆದುಕೊಂಡಿದ್ದೆ. ಇನ್ನು ಆಗುವುದಿಲ್ಲ. ಅತ್ತೆ, ರಾಯಚೂರು ಕಡೆಯ ಚಿನ್ನದ ಗಣಿಗೆ ಟ್ರೇನಿ ಇಂಜಿನಿಯರುಗಳು ಬೇಕಂತೆ! ಹೆಂಗಸರೂ ಅರ್ಜಿ ಹಾಕಬಹುದು. ಆಫೀಸಿನ ಕುರ್ಚಿಗಲ್ಲ, ಒಳಗೆ! ನೆಲದ ಒಳಗೆ! ಕೆಲವು ವರ್ಷದ ಹಿಂದೆ ಕಾನೂನು ಬದಲಾಗಿದೆ, ಹಗಲು ಶಿಫ್ಟಿನಲ್ಲಿ ನಾವೂ ಇಳಿಯಬಹುದು. ಕೆಜಿಎಫ್‌ನಂಥ ಮುಚ್ಚಿದ ಗಣಿಯ ಊರಲ್ಲಿ ಕೂತು ಮೈನಿಂಗ್ ಇಂಜಿನಿಯರಿಂಗ್ ಓದುತ್ತೇನೆ ಅಂದಾಗ ಎಲ್ಲರೂ ನಕ್ಕಿದ್ದರು. ‘ಓದ್ಬಿಟ್ಟು ಏನ್ಮಾಡ್ತೀಯಮ್ಮ, ಸೈನೈಡ್ ದಿಬ್ಬ ಕಾಯ್ತೀಯಾ?’ ಅನ್ನುತ್ತಿದ್ದರು. ಈಗ ನೋಡಿ! ಕೊನೆಯ ಸೆಮಿಸ್ಟರಿನ ವೈವಾ ಒಂದು ಬಾಕಿಯಿದೆ, ಅಷ್ಟೇ.

ಅರ್ಜಿಯ ಜೊತೆ ಒಂದು ಪುಟ ಬರೆದುಕೊಡಬೇಕು. ನಿಮ್ಮ ಹಿನ್ನೆಲೆ ಏನು, ಮುಂದೆ ಏನಾಗಬೇಕೆಂದಿದ್ದೀರಿ ಅಂತ. ಅದರಲ್ಲಿ ಮಾವನವರ ವಿಷಯ ಬರೆಯಬಹುದಾ? ನಂದಿದುರ್ಗ ಗಣಿಯೊಳಗೆ ದುಡಿದ ಕೊಂಡಪ್ಪನವರ ಸೊಸೆ ಅಂದರೆ ಎಷ್ಟು ಗತ್ತು! ಬರೆಯಲಾ ಅತ್ತೆ? ಹೋಗಲಾ?

ಇನ್ನೊಂದು ಮಾತು. ನಾನಿಲ್ಲ ಅಂತ ಸದಾ ಚಿಲಕ ಹಾಕಿಕೊಂಡು ಕೂರಬೇಡಿ. ಆ ಕಬ್ಬಿಣದ ಚಿಲಕ ಕಂಡರೆ ನನಗಾಗುವುದಿಲ್ಲ. ನಮ್ಮ ಗಣಿ ಲೈನಿನ ಸಾಲಿನಲ್ಲಿ ಮಿಕ್ಕ ಮನೆಗಳ ಬಾಗಿಲುಗಳೆಲ್ಲ ತೆರೆದಿರುತ್ತವೆ, ನಮ್ಮ ಮನೆಗೆ ಮಾತ್ರ ಮಟಮಟ ಮಧ್ಯಾಹ್ನವೂ ಚಿಲಕ! ಬಡಿದರೆ ನಿಮಗೆ ಕೇಳಿಸುವುದಿಲ್ಲ. ಕಿಟಕಿಯಿಂದ ನಿಮ್ಮ ಮಡಿಲಿಗೆ ಕಡಲೆಕಾಯಿ ಎಸೆದು ಎಸೆದು ನಾನು ಯಾವ ಕ್ರಿಕೆಟ್ ಟೀಮಿಗಾದರೂ ಸೇರಬಹುದು.

ನಿಮ್ಮ ಮುದ್ದು (ಹೌದಲ್ವಾ?) ಸೊಸೆ,
ಸಹನ


ನಂದಿದುರ್ಗ ಲೈನು, ಕೆಜಿಎಫ್
1-7-2025

ಸಹನಗೆ ದೊಡ್ಡಮುನಿಯಮ್ಮ ಬರೆದಿದ್ದು.

ನಾವು ನೆಟ್ಟಗಿದ್ದೇವೆ. ನಿನ್ನ ಕಾಗದ ಬಂತು. ಅಕ್ಷರ ದಪ್ಪಗಿದೆ, ಓದೋಕೆ ಸಲೀಸು.

ನಂದ ರಾತ್ರಿ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಕೇಳಿದರೆ ಹೊಟ್ಟೆ ಸರಿಯಿಲ್ಲ ಅಂದ. ಯಾಕೆ ಅಂತ ಈಗ ತಿಳಿಯಿತು. ಖಾರ ಕಮ್ಮಿ ಹಾಕಲು ನಿಮ್ಮಪ್ಪನಿಗೆ ಹೇಳು.

ನಿನ್ನ ನೀಲಿ ಛತ್ರಿ ಇಲ್ಲೇ ಉಳಿದಿದೆ. ಪಕ್ಕದ ಮನೆ ಕಲ್ಪನಳ ಮೇಕೆ ನೀನು ನೆಟ್ಟ ಕರಿಬೇವಿನ ಸಸಿಯನ್ನು ಬುಡದ ತನಕ ಮೇಯ್ದಿತು. ಅವಳು ಅದನ್ನು ಕಟ್ಟಿಹಾಕುವುದಿಲ್ಲ. ನನ್ನ ತಮ್ಮ ಕ್ಯಾಸಂಬಳ್ಳಿಯಿಂದ ಬಂದು ಹುರುಳಿ ಕೊಟ್ಟು ಹೋದ. ನೀನು ಬಂದ ಮೇಲೆ ಬಸ್ಸಾರು ಮಾಡೋಣ.

ಚಿಲಕದ ಮಾತು ಬಿಡು. ಅದು ಹಾಗೇ ಇರಲಿ.

ದೊಡ್ಡಮುನಿಯಮ್ಮ


ಬಂಗಾರಪೇಟೆ
4 ಜುಲೈ 2025

ನನ್ನ ಬಂಗಾರದಂಥ ಅತ್ತೆ,

ಬೇಡ ಅಂತ ನೀವು ಎಲ್ಲೂ ಬರೆದಿಲ್ಲ! ಓದಿದೆ, ಮತ್ತೆ ಓದಿದೆ, ಹಿಂದೆ ಏನಾದರೂ ಇದೆಯಾ ಅಂತ ತಿರುಗಿಸಿಯೂ ನೋಡಿದೆ. ಇಲ್ಲ! ನೀವು ಬೇಡ ಅನ್ನಬೇಕಾದರೆ ಮುಖಕ್ಕೇ ಅನ್ನುವವರು. ಮದುವೆಯ ಸೀರೆ ಅಂಗಡಿಯಲ್ಲಿ ನಾನು ಗುಲಾಬಿ ಬಣ್ಣ ಮುಟ್ಟಿದ ತಕ್ಷಣ ‘ಬ್ಯಾಡ, ಬೊಂಬಾಯಿ ಮಿಠಾಯಿ ಇದ್ದಂಗದೆ’ ಅಂದವರು. ಅಂಥವರು ಇಷ್ಟು ದೊಡ್ಡ ವಿಷಯಕ್ಕೆ ಸುಮ್ಮನಿದ್ದೀರಿ ಅಂದರೆ ಅದು ಹೂಂ ಅಲ್ಲದೆ ಇನ್ನೇನು? ನಿಮ್ಮ ಮಗನೂ, ‘ಅಮ್ಮ ಒಪ್ಪಿದ್ರೆ ನಂದೇನೂ ತಕರಾರಿಲ್ಲ, ತಿಂಗ್ಳಿಗೊಂದ್ಸಲ ರೈಲ್ ಹತ್ಕೊಂಡು ಬತ್ತೀನಿ’ ಅಂದರು. ಅರ್ಜಿ ಕಳಿಸಿಯೇಬಿಟ್ಟೆ!!

ನಾನು ಬರೆದ ಪುಟವನ್ನು ನಿಮಗೋಸ್ಕರ ಕನ್ನಡದಲ್ಲಿ ಬರೆದು ಕಳಿಸುತ್ತಿದ್ದೇನೆ. ಓದಿ ಹೇಗಿದೆ ಹೇಳಿ.

‘ನನ್ನ ತಂದೆ ಕಾಂತರಾಜ್ ಬಂಗಾರಪೇಟೆಯಲ್ಲಿ ಚಾಟ್ಸ್ ಗಾಡಿ ಇಟ್ಟುಕೊಂಡಿದ್ದಾರೆ. ತಾಯಿ ಪೂರಿ ಲಟ್ಟಿಸುತ್ತಾರೆ. ನಾನು ಚೆನ್ನಾಗಿ ಓದಲಿ ಅಂತ ಕೆಜಿಎಫ್‌ನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದರು. ಶಾಲೆಯ ವ್ಯಾನು ಸೈನೈಡ್ ದಿಬ್ಬಗಳ ಪಕ್ಕದಲ್ಲೇ ಹೋಗುತ್ತಿತ್ತು. ಅವು ಬೆಟ್ಟಗಳು ಅಂತಲೇ ನಂಬಿದ್ದೆ. ಐದನೇ ಕ್ಲಾಸಿನಲ್ಲಿ ಮಿಸ್, ಅವು ಬೆಟ್ಟಗಳಲ್ಲ, ನೆಲದೊಳಗಿನ ಕಲ್ಲನ್ನು ಮೇಲೆ ತಂದು, ಅರೆದು, ಚಿನ್ನ ತೆಗೆದುಕೊಂಡು ಸುರಿದ ಪುಡಿ ಅಂತ ಹೇಳಿದರು. ಇಷ್ಟೆಲ್ಲ ಮೇಲೆ ಬಂದಿದ್ದರೆ ಕೆಳಗೆ ಎಷ್ಟು ಜಾಗ ಖಾಲಿ ಇರಬೇಕು ಮಿಸ್ ಅಂತ ಕೇಳಿದೆ. ಮಿಸ್ ಮುಂದಿನ ಪಾಠಕ್ಕೆ ಹೋದರು. ನಾನು ಇನ್ನೂ ಆ ಪಾಠದಲ್ಲೇ ಇದ್ದೇನೆ. ಆ ಖಾಲಿ ಜಾಗ ನೋಡುವ ಆಸೆಯಿಂದಲೇ ಮೈನಿಂಗ್ ಸೇರಿದೆ.

‘ನನ್ನ ಮಾವ ಕೊಂಡಪ್ಪನವರು ನಂದಿದುರ್ಗ ಗಣಿಯೊಳಗೆ ಕೆಲಸ ಮಾಡಿದವರು. ನಾನು ಅವರನ್ನು ನೋಡಿಲ್ಲ. ಗಣಿ ಮುಚ್ಚಿದ ಮೇಲೂ ಕಲ್ಲಿನ ಧೂಳು ಅವರ ಎದೆಯಲ್ಲೇ ಉಳಿಯಿತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರಂತೆ. ನೆಲದೊಳಗಿನ ಜನಕ್ಕೆ ಒಳ್ಳೆಯ ಗಾಳಿ ತಲುಪಿಸುವುದು ನಮ್ಮ ಓದಿನಲ್ಲಿ ಒಂದು ದೊಡ್ಡ ವಿಷಯ. ನಾನು ಅದರಲ್ಲೇ ಪಳಗಬೇಕು. ಆಮೇಲೆ ಪರೀಕ್ಷೆಗಳನ್ನು ಕಟ್ಟಿ ಗಣಿಯ ಮ್ಯಾನೇಜರ್ ಆಗಬೇಕು. ನಾನು ನೋಡಿಕೊಳ್ಳುವ ಗಣಿಯಿಂದ ಯಾರೂ ಎದೆಯಲ್ಲಿ ಧೂಳು ಹೊತ್ತುಕೊಂಡು ಮನೆಗೆ ಹೋಗಬಾರದು.’

ಹೇಗಿದೆ? ಕೊನೆಯ ಸಾಲು ಬರೆದು ನಾನೇ ಎದ್ದು ನಿಂತುಬಿಟ್ಟೆ! ಅಪ್ಪ ಗಾಡಿಗೆ ಬಂದವರಿಗೆಲ್ಲ, ‘ನನ್ ಮಗ್ಳು ಚಿನ್ನ ತೆಗ್ಯೋಕೆ ಓಗ್ತಾವ್ಳೆ’ ಅಂತ ಹೇಳಿ ಒಂದೊಂದು ಪೂರಿ ಜಾಸ್ತಿ ಹಾಕುತ್ತಿದ್ದಾರೆ. ಅಳಿಯನಿಗೆ ಮಾತ್ರ ಇಲ್ಲ.

ನಿಮ್ಮ ಮೈನಿಂಗ್ ಸೊಸೆ,
ಸಹನ


ನಂದಿದುರ್ಗ ಲೈನು
8-7-2025

ಸಹನಗೆ,

ಬೇಡ ಅಂತ ಬರೆಯಲಿಲ್ಲ, ನಿಜ. ಬರೆಯಲು ಕೂತೆ, ಹೇಗೆ ಬರೆಯಬೇಕೋ ತೋಚಲಿಲ್ಲ, ಮೇಕೆಯ ವಿಷಯ ಬರೆದೆ. ಅದನ್ನು ನೀನು ಹೂಂ ಅಂತ ಓದಿಕೊಂಡೆ.

ನಿನ್ನ ಮಾವ ಗೋಡೆಗೆ ಒರಗಿ ಕೂರುತ್ತಿದ್ದುದು ನಿಜ. ಆ ಗೋಡೆಯಲ್ಲಿ ಇವತ್ತಿಗೂ ಎಣ್ಣೆ ಕಲೆ ಇದೆ, ನೀನು ನೋಡಿದ್ದೀಯ. ನೀನು ಬರೆದಿದ್ದಕ್ಕೆ ಸಿಟ್ಟಿಲ್ಲ. ಚೆನ್ನಾಗಿ ಬರೆದಿದ್ದೀಯ. ಆದರೆ ಇಳಿದವರ ವಿಷಯ ಮಾತ್ರ ಬರೆದಿದ್ದೀಯ.

ಚಿಲಕದ ವಿಷಯ ಕೇಳಿದೆಯಲ್ಲ, ಹೇಳುತ್ತೇನೆ. ಗಂಡಸರು ಒಳಗೆ ಇಳಿದಿದ್ದಾಗ ನಮ್ಮ ಮನೆಯಲ್ಲಿ ಬಾಗಿಲು ಹಾಕುತ್ತಿರಲಿಲ್ಲ. ಮದುವೆಯಾಗಿ ಬಂದ ದಿನವೇ ನನ್ನ ಅತ್ತೆ ಹೇಳಿಕೊಟ್ಟರು. ಇಳಿದವರು ಮೇಲೆ ಬರುವ ತನಕ ಮನೆಯಲ್ಲಿರುವವರು ಚಿಲಕ ಹಾಕಬಾರದು, ಅವರ ದಾರಿ ಮುಚ್ಚಿದ ಹಾಗೆ ಅಂತ. ರಾತ್ರಿ ಶಿಫ್ಟಾದರೂ ಅಷ್ಟೆ. ಮಳೆಗಾಲದಲ್ಲಿ ಬೀದಿ ನಾಯಿ ಬಂದು ಒಲೆ ಪಕ್ಕ ಮಲಗುತ್ತಿತ್ತು, ಓಡಿಸುತ್ತಿರಲಿಲ್ಲ.

ನಂದ ಹೊಟ್ಟೆಯಲ್ಲಿದ್ದಾಗ ಒಂದು ದಿನ ನೆಲ ಅದುರಿತು. ಗೂಡಿನಲ್ಲಿದ್ದ ಪಾತ್ರೆ ಬಿದ್ದವು. ಒಳಗೆ ಕಲ್ಲು ಸಿಡಿದಿದೆ ಅಂದರು. ಆಗ ನನಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಲೈನಿನಲ್ಲಿ ಯಾವ ಮನೆಯಲ್ಲಿ ಅಳು ಎದ್ದಿತು, ಯಾವ ಮನೆಯಲ್ಲಿ ಏಳಲಿಲ್ಲ, ಎಲ್ಲ ಕೇಳಿಸಿತು. ನಿನ್ನ ಮಾವ ಮಾರನೇ ದಿನ ನಡೆದುಕೊಂಡೇ ಮನೆಗೆ ಬಂದರು. ಅಲ್ಲಿಯ ತನಕ ನಾನು ಹೊಸ್ತಿಲ ಮೇಲೆ ಕೂತಿದ್ದೆ. ಬಂದವರು ಕಾಲು ತೊಳೆದು ಸಾರು ಏನು ಅಂತ ಕೇಳಿದರು.

ಗಣಿ ಮುಚ್ಚಿದಾಗ ಎಲ್ಲರೂ ಅತ್ತರು. ಕೆಲಸ ಹೋಯಿತಲ್ಲ, ನಾನೂ ಕಣ್ಣೀರು ಹಾಕಿದೆ. ಆದರೆ ಅವತ್ತು ಬಾಗಿಲು ಹಾಕಿ, ಚಿಲಕ ಜಡಿದು ಮಲಗಿದೆ. ಮದುವೆಯಾದ ಮೇಲೆ ಅಂಥ ನಿದ್ದೆ ಮಾಡಿರಲಿಲ್ಲ. ಅವತ್ತಿನಿಂದ ನನ್ನ ಮನೆಗೆ ಚಿಲಕ ಇದೆ.

ಇನ್ನೊಂದು ಸಲ ಹಾಗೆ ಕೂರೋದು ನನ್ನ ಕೈಲಾಗಲ್ಲ. ಓದಿದ್ದೀಯ, ಬೇರೆ ಕೆಲಸ ಸಿಗುತ್ತೆ. ಇದು ಬೇಡ.

ಈ ಸಲ ಬರೆದಿದ್ದೇನೆ.

ದೊಡ್ಡಮುನಿಯಮ್ಮ


ಬಂಗಾರಪೇಟೆ
18 ಜುಲೈ 2025

ಅತ್ತೆ,

ನಿಮ್ಮ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದೆ. ಬರೆಯಲು ಕೂರಲಿಲ್ಲ ಅಂತಲ್ಲ. ‘ಸರಿ ಅತ್ತೆ, ಬಿಟ್ಟೆ’ ಅಂತ ಶುರು ಮಾಡುತ್ತಿದ್ದೆ, ಪೆನ್ನು ಅಲ್ಲೇ ನಿಲ್ಲುತ್ತಿತ್ತು. ನಿಮಗೆ ಸುಳ್ಳು ಬರೆಯಲಾರೆ. ನನಗೆ ಹೋಗಬೇಕು ಅತ್ತೆ. ನೀವು ಬೇಡ ಅಂದಿದ್ದೀರಿ ಅನ್ನುವುದೂ ಗೊತ್ತು, ನನಗೆ ಹೋಗಬೇಕು ಅನ್ನುವುದೂ ಗೊತ್ತು. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಈರುಳ್ಳಿ ಹೆಚ್ಚುತ್ತಿದ್ದೇನೆ.

ಅಷ್ಟರಲ್ಲಿ ಇಂಟರ್‌ವ್ಯೂ ಕರೆ ಬಂದಿತು. ಒರಿಜಿನಲ್ ಮಾರ್ಕ್ಸ್ ಕಾರ್ಡು ತರಬೇಕು ಅಂದರು. ಅವು ನಿಮ್ಮ ಟ್ರಂಕಿನಲ್ಲಿ, ಟ್ರಂಕು ಹೊಸ್ತಿಲ ಆಚೆ! ನಿಮ್ಮ ಮಗನ ಕೈಯಲ್ಲಿ ತರಿಸಬಹುದಿತ್ತು. ತರಿಸಲಿಲ್ಲ. ನಿಮ್ಮ ಮುಖ ನೋಡಬೇಕಿತ್ತು. ಅದಕ್ಕೇ ಸೋಮವಾರ ವೈವಾ ಮುಗಿಸಿ ಸೀದಾ ನಮ್ಮ ಲೈನಿಗೆ ಬಂದು, ಬೀದಿಯಲ್ಲಿ ನಿಂತು ಕಿಟಕಿಗೆ ಕಡಲೆಕಾಯಿ ಎಸೆದೆ. ಮೊದಲ ಏಟಿಗೇ ನಿಮ್ಮ ಮಡಿಲಿಗೆ! ನಿಮಗೆ ನಗು ಬಂತು. ನಾನು ನೋಡಿದೆ. ಆಮೇಲೆ ಸಿಟ್ಟು ನೆನಪಾಯಿತು.

ನೀವು ಟ್ರಂಕು ತೆಗೆಯಲು ಒಳಗೆ ಹೋದಿರಲ್ಲ, ಆಗ ಬೀದಿಯಲ್ಲಿ ಏನಾಯಿತು ಅಂತ ನಿಮಗೆ ಕೇಳಿಸಿರುವುದಿಲ್ಲ. ಹೇಳುತ್ತೇನೆ ಕೇಳಿ. ಎದುರು ಮನೆಯ ವೆಂಕಟೇಶಪ್ಪನವರು ಜಗಲಿಯಿಂದ ಕೂಗಿದರು.

‘ಯಾಕಮ್ಮಣ್ಣಿ ಬೀದಿಲಿ ನಿಂತಿದೀಯ? ಒಳಕ್ಕೋಗು!’

‘ಆಷಾಡ ಕಣಣ್ಣೋ!’ ಅಂದರು ಕಲ್ಪನಕ್ಕ. ‘ಸೊಸೆ ವಸ್ಲು ದಾಟಂಗಿಲ್ಲ.’

‘ಅಂಗಾದ್ರೆ ಅತ್ತೇನ ಈಚೆಗ್ ಕರಿ.’

‘ಅವ್ಳೀಚೆಗ್ ಬಂದ್ರೂ ಒಂದೇ ವಸ್ಲು ಅಲ್ವೇನಣ್ಣ? ನಿಂಗೆ ತಿಳಿಯಂಗೆ ಏಳೋಷ್ಟ್ರಲ್ಲಿ ಶ್ರಾವಣ ಬತ್ತದೆ.’

‘ಕಿಟಕೀಲಿ ತೂರ್ಕೊಂಡೋಗ್ಬೋದೇನು?’

‘ಮದ್ವೆ ಟೈಮಲ್ಲಾಗಿದ್ರೆ ತೂರೋಳು. ಈಗ ಅವ್ರಪ್ಪನ್ ಪೂರಿ ತಿಂದು ಊದ್ಕೊಂಡವ್ಳೆ!’

ನೀವು ಫೈಲನ್ನು ಸರಳುಗಳ ನಡುವಿನಿಂದ ಕೊಟ್ಟಿರಿ. ನಿಮಗೆ ಗೊತ್ತಿಲ್ಲ ಅತ್ತೆ, ನೀವು ಮೆಲ್ಲಗೆ ಹೇಳಿದೆ ಅಂದುಕೊಂಡ ಮಾತು ಇಡೀ ಲೈನಿಗೆ ಕೇಳಿಸಿತು. ‘ಕಾಗ್ದ ನಿಂದು, ಅದ್ಕೆ ಕೊಡ್ತಾ ಇದೀನಿ. ಊಂ ಅಂದೆ ಅಂತ ತಿಳ್ಕೊಬ್ಯಾಡ!’ ಅಂದಿರಿ. ಕಲ್ಪನಕ್ಕನ ನಗು ಗಪ್ಪಂತ ನಿಂತಿತು.

ನೀವು ಕಿಟಕಿ ಬಿಟ್ಟು ಹೋದ ಮೇಲೆ ವೆಂಕಟೇಶಪ್ಪನವರು ಏನು ಸಮಾಚಾರ ಅಂತ ಕೇಳಿದರು. ಗಣಿಯ ಕೆಲಸದ ವಿಷಯ ಹೇಳಿದೆ, ನೀವು ಹೊಸ್ತಿಲ ಮೇಲೆ ಕೂತಿದ್ದ ದಿನದ ವಿಷಯವನ್ನೂ ಹೇಳಿದೆ. ಅವರೂ ಮಾವನವರ ಜೊತೆ ಅವತ್ತು ಒಳಗಿದ್ದರಂತಲ್ಲ? ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ, ‘ಮೇಲ್ ಬಂದ್ವಿ, ಉಂಡ್ವಿ, ಮನೀಕೊಂಡ್ವಿ. ಮನೇಲಿದ್ದೋರು ಎಂಗಿದ್ರು ಅಂತ ನಾವ್ಯಾರೂ ಕೇಳ್ಲಿಲ್ಲಮ್ಮ’ ಅಂದರು.

ಆ ಮಾತು ನನ್ನ ಜೊತೆಯೇ ನಿನ್ನೆ ಬೆಂಗಳೂರಿಗೆ ಬಂತು. ಇಂಟರ್‌ವ್ಯೂನಲ್ಲಿ ಗಾಳಿ, ಧೂಳು, ಕಲ್ಲು, ಫ್ಯಾನು ಎಲ್ಲ ಕೇಳಿದರು. ಪಟಪಟ ಹೇಳಿದೆ! ಅತ್ತೆ, ಒಂದಕ್ಕೂ ತಡವರಿಸಲಿಲ್ಲ! ಕೊನೆಗೆ ಕೂದಲು ಬೆಳ್ಳಗಾದ ಮೇಡಂ ಒಬ್ಬರು, ಇನ್ನು ಐದು ವರ್ಷಕ್ಕೆ ಏನಾಗಬೇಕು ಅಂತಿದ್ದೀಯ ಅಂದರು. ಮ್ಯಾನೇಜರ್ ಅಂತ ಹೇಳಲು ಕನ್ನಡಿ ಮುಂದೆ ನಿಂತು ಕಲಿತು ಹೋಗಿದ್ದೆ. ಬಾಯಿಂದ ಬಂದಿದ್ದೇ ಬೇರೆ. ‘ಹೇಳಿದ ಹೊತ್ತಿಗೆ ಮೇಲೆ ಬಂದು, ಬಂದೆ ಅಂತ ಮನೆಗೆ ತಿಳಿಸೋ ಇಂಜಿನಿಯರ್ ಆಗ್ಬೇಕು ಮೇಡಂ. ಮ್ಯಾನೇಜರ್ ಆಮೇಲೆ.’ ಪಕ್ಕದಲ್ಲಿದ್ದವರು ನಕ್ಕರು. ಮೇಡಂ ನಗಲಿಲ್ಲ. ಮನೆಯಲ್ಲಿ ಯಾರಿಗೆ ತಿಳಿಸಬೇಕು ಅಂದರು. ನನ್ನ ಅತ್ತೆಗೆ ಅಂದೆ. ಅವರು ಇನ್ನೂ ಒಪ್ಪಿಲ್ಲ ಅಂತಲೂ ಹೇಳಿದೆ. ಹೇಳಬಾರದಿತ್ತೇನೋ!

ಅತ್ತೆ, ನೀವು ಸುಮ್ಮನಿದ್ದರೆ ಅದನ್ನು ಹೂಂ ಅಂತ ಇನ್ನು ಯಾವತ್ತೂ ಓದಿಕೊಳ್ಳುವುದಿಲ್ಲ. ಸುಮ್ಮನಿದ್ದೀರಿ ಅಂತಲೇ ಓದಿಕೊಳ್ಳುತ್ತೇನೆ.

ನಿಮ್ಮ
ಸಹನ


ನಂದಿದುರ್ಗ ಲೈನು
22-7-2025

ಸಹನಗೆ,

ಗುರುವಾರ ಭೀಮನ ಅಮಾವಾಸ್ಯೆ. ಗಂಡನ ಪಾದಪೂಜೆ ಗಾಡಿ ಹತ್ತಿರ ಮಾಡಬೇಡ, ಜನ ನಗ್ತಾರೆ. ಶುಕ್ರವಾರ ಶ್ರಾವಣ. ಬೆಳಿಗ್ಗೆಯೇ ಬಾ. ಹುರುಳಿ ನೆನೆಹಾಕಿರುತ್ತೇನೆ.

ಕಲ್ಪನ ಹಾಗಂದಳಾ? ಅವಳ ಮೇಕೆಗೂ ಹಗ್ಗ ಇಲ್ಲ, ಬಾಯಿಗೂ ಹಗ್ಗ ಇಲ್ಲ.

ವೆಂಕಟೇಶಪ್ಪ ಹಾಗಂದನಾ? ಅವನ ಹೆಂಡತಿ ಇದ್ದಿದ್ದರೆ ಕೇಳಬೇಕಿತ್ತು. ಅವತ್ತು ಅವಳೂ ಎದುರು ಹೊಸ್ತಿಲ ಮೇಲೆ ಕೂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೇಡ ಅಂತ ಒಂದು ಸಲ ಬರೆದೆ. ಇನ್ನೊಂದು ಸಲ ಬರೆಯುವುದಿಲ್ಲ. ಹೋಗು ಅಂತಲೂ ಬರೆಯುವುದಿಲ್ಲ.

ನಿನ್ನ ಛತ್ರಿ ಬಾಗಿಲ ಹಿಂದೆ ಇದೆ.

ದೊಡ್ಡಮುನಿಯಮ್ಮ


ಗಣಿಯ ಕಾಲೊನಿ, ರಾಯಚೂರು ಜಿಲ್ಲೆ
12 ನವೆಂಬರ್ 2025, ಬುಧವಾರ

ಅತ್ತೆ! ಅತ್ತೆ! ಅತ್ತೆ!

ಇಳಿದೆ!

ಬಟ್ಟೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ, ಅಕ್ಷರ ದಪ್ಪಗೆ ಬರುತ್ತಿದೆಯೋ ಇಲ್ಲವೋ ಗೊತ್ತಿಲ್ಲ. ಇಲ್ಲಿಗೆ ಬಂದಾಗಿನಿಂದ ಬರೀ ಕ್ಲಾಸು. ಹೆಲ್ಮೆಟ್ ಹೇಗೆ ಹಾಕಬೇಕು, ಹೊಗೆ ಬಂದರೆ ಏನು ಮಾಡಬೇಕು, ಹೀಗೆ. ಕೊನೆಗೂ ಇವತ್ತು ಬೆಳಿಗ್ಗೆ ನಮ್ಮ ಬ್ಯಾಚನ್ನು ಕೇಜಿನಲ್ಲಿ ನಿಲ್ಲಿಸಿದರು. ಕೇಜು ಅಂದರೆ ಜನರನ್ನು ಕೆಳಗೆ ಇಳಿಸುವ ಕಬ್ಬಿಣದ ಲಿಫ್ಟು. ಅಯ್ಯೋ, ನಾನು ಯಾರಿಗೆ ಹೇಳಿಕೊಡುತ್ತಿದ್ದೇನೆ! ಬಾಗಿಲು ಎಳೆದರು, ಗಂಟೆ ಹೊಡೆಯಿತು, ಹೊಟ್ಟೆ ಮೇಲೆಯೇ ಉಳಿದು ಮಿಕ್ಕ ನಾನೆಲ್ಲ ಕೆಳಗೆ ಹೋದೆ. ಕಿವಿ ಗಪ್ಪಂತ ಕಟ್ಟಿತು. ಒಂದು ಕ್ಷಣ ಏನೂ ಕೇಳಿಸಲಿಲ್ಲ. ನಿಮ್ಮ ಕಿವಿಗೆ ಲೋಕ ಹೀಗಿರಬಹುದಲ್ಲವಾ ಅನ್ನಿಸಿತು.

ಕೆಳಗೆ ಎಲ್ಲರೂ ದೀಪ ಆರಿಸಿ ಅಂದರು. ಆರಿಸಿದೆವು. ಅಂಥ ಕತ್ತಲೆಯನ್ನು ನಾನು ಕಂಡೇ ಇರಲಿಲ್ಲ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಐದನೇ ಕ್ಲಾಸಿನ ಮಿಸ್ ನೆನಪಾದರು. ಇಲ್ಲೇ ಇದೆ ಮಿಸ್, ನಾನು ಕೇಳಿದ ಖಾಲಿ ಜಾಗ! ಆಗ ಅತ್ತೆ, ಆ ಕತ್ತಲಲ್ಲಿ, ನನ್ನ ಕೆನ್ನೆಗೆ ಗಾಳಿ ಬಂತು. ಮೇಲೆ ಎಲ್ಲೋ ತಿರುಗುತ್ತಿರುವ ಫ್ಯಾನು ಎಳೆದ ಗಾಳಿ. ಪುಸ್ತಕದಲ್ಲಿ ಅದಕ್ಕೆ ಸೂತ್ರಗಳಿವೆ, ಎಲ್ಲ ಬಾಯಿಪಾಠ ನನಗೆ. ಆದರೆ ಅದು ಇಷ್ಟು ತಣ್ಣಗಿರುತ್ತದೆ ಅಂತ ಯಾವ ಪುಸ್ತಕವೂ ಹೇಳಿರಲಿಲ್ಲ. ಅಳು ಬಂತು. ಕತ್ತಲಲ್ಲಿ ಯಾರಿಗೂ ಕಾಣಿಸಲಿಲ್ಲ. ಈ ಸಲ ಈರುಳ್ಳಿಯೂ ಇರಲಿಲ್ಲ.

ದೀಪಾವಳಿ ಮುಗಿಸಿ ನಾನು ಹೊರಟ ದಿನವೂ ನೀವು ಏನೂ ಹೇಳಲಿಲ್ಲ. ಕೆಲಸದ ಆರ್ಡರು ಬಂದು ಮನೆಯಲ್ಲಿ ಎಲ್ಲರೂ ಕುಣಿದಾಗಲೂ ನೀವು ರಾಗಿ ಕೇರುತ್ತಿದ್ದಿರಿ. ರೈಲು ಹತ್ತುವಾಗ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ಕೈಗಿಟ್ಟಿರಿ. ನಾನು ಅದನ್ನು ಹೂಂ ಅಂತ ಓದಿಕೊಳ್ಳಲಿಲ್ಲ. ಕೊಟ್ಟ ಮಾತಿನಂತೆ ಚಟ್ನಿಪುಡಿ ಅಂತಲೇ ಓದಿಕೊಂಡೆ. ಇನ್ನೂ ಅರ್ಧ ಡಬ್ಬಿ ಇದೆ. ಹಾಸ್ಟೆಲಿನವರಿಗೆ ಕೊಡದೆ ಬಚ್ಚಿಟ್ಟಿದ್ದೇನೆ!

ಮೇಲೆ ಬಂದು ಹೆಲ್ಮೆಟ್ ತೆಗೆಯುವ ಮೊದಲೇ ಕಲ್ಪನಕ್ಕನಿಗೆ ಮೆಸೇಜು ಹಾಕಿದೆ. ‘ಮೇಲೆ ಬಂದೆ, ಅತ್ತೆಗೆ ಹೇಳಿ’ ಅಂತ. ನಂದು ಫ್ಯಾಕ್ಟರಿ ಗೇಟಿನಲ್ಲೇ ಫೋನು ಕೊಟ್ಟು ಒಳಗೆ ಹೋಗುತ್ತಾರಲ್ಲ, ಅದಕ್ಕೆ. ಕಲ್ಪನಕ್ಕ ಬಂದು ಹೇಳಿದರಾ? ನಿಮಗೆ ಸಂಕಟ ಕೊಟ್ಟಿದ್ದೇನೆ ಅಂತ ನನಗೆ ಗೊತ್ತು. ಅದು ಒಂದು ನಿಮಿಷವೂ ಜಾಸ್ತಿ ಆಗಬಾರದು. ಬಾಗಿಲಿಗೆ ಚಿಲಕ, ಬಡಿದರೆ ನಿಮಗೆ ಕೇಳಿಸುವುದಿಲ್ಲ, ಕಲ್ಪನಕ್ಕನಿಗೆ ಕಡಲೆಕಾಯಿ ಎಸೆಯಲು ನನ್ನಷ್ಟು ಗುರಿಯಿಲ್ಲ. ಅವರು ಒಳಗೆ ಹೇಗೆ ಬಂದಾರು ಅನ್ನುವುದೊಂದೇ ಯೋಚನೆ.

ನೆಲದಡಿಯಿಂದ ಎದ್ದು ಬಂದ ನಿಮ್ಮ ಸೊಸೆ,
ಸಹನ


ನಂದಿದುರ್ಗ ಲೈನು
13-11-2025

ಸಹನಗೆ,

ಬುಧವಾರ ನೀನು ಇಳಿಯುತ್ತೀಯ ಅಂತ ನಂದ ಹೇಳಿದ್ದ. ಎಷ್ಟು ಹೊತ್ತಿಗೆ ಅಂದರೆ ಅವನಿಗೆ ಗೊತ್ತಿಲ್ಲ. ಹಾಗಾಗಿ ಕೋಳಿ ಕೂಗುವ ಹೊತ್ತಿಗೇ ಚಿಲಕ ತೆಗೆದೆ. ಬಾಗಿಲು ಪೂರ್ತಿ ತೆಗೆದಿಟ್ಟು ಹೊಸ್ತಿಲ ಮೇಲೆ ಕೂತೆ.

ನನ್ನ ಮನೆ ಬಾಗಿಲು ತೆರೆದಿದ್ದು ನೋಡಿ ಯಾರೋ ಹೋಗಿಬಿಟ್ಟರು ಅಂತ ಲೈನಿನವರೆಲ್ಲ ಬಂದು ಇಣುಕಿದರು. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ವೆಂಕಟೇಶಪ್ಪ ಬಂದು ನೋಡಿದ. ಅವನು ಮಾತ್ರ ಏನೂ ಕೇಳಲಿಲ್ಲ. ತನ್ನ ಮನೆ ಹೊಸ್ತಿಲ ಮೇಲೆ ಹೋಗಿ ಕೂತ, ಅವನ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ. ಮಧ್ಯಾಹ್ನ ಎದ್ದು ಉಣ್ಣು ಅಂತ ಕೈ ಮಾಡಿದೆ. ನೀನು ಏಳು, ನಾನೂ ಏಳುತ್ತೇನೆ ಅಂತ ಅವನೂ ಕೈ ಮಾಡಿದ. ಇಬ್ಬರೂ ಏಳಲಿಲ್ಲ.

ಕಲ್ಪನಳ ಮೇಕೆ ನನ್ನನ್ನು ದಾಟಿಕೊಂಡೇ ಒಳಗೆ ಹೋಗಿ ಮೊರದಲ್ಲಿದ್ದ ರಾಗಿಯನ್ನೆಲ್ಲ ತಿಂದಿತು. ಓಡಿಸಲು ಏಳಬೇಕು ಅನ್ನಿಸಿತು. ಹೊಸ್ತಿಲು ಬಿಟ್ಟು ಏಳೋ ಮನಸ್ಸಾಗಲಿಲ್ಲ. ತಿನ್ನಲಿ ಅಂತ ಬಿಟ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಕಲ್ಪನ ಫೋನು ಹಿಡಿದುಕೊಂಡು ಓಡಿ ಬಂದಳು. ಏನೇನೋ ಕೂಗಿದಳು, ಕೇಳಿಸಲಿಲ್ಲ. ಆಮೇಲೆ ಬಗ್ಗಿ ನೆಲ ಮುಟ್ಟಿ, ಕೈಯನ್ನು ತಲೆಗಿಂತ ಮೇಲಕ್ಕೆ ಎತ್ತಿ ತೋರಿಸಿದಳು. ತಿಳಿಯಿತು. ವೆಂಕಟೇಶಪ್ಪನಿಗೆ ನಾನೂ ಹಾಗೇ ಮಾಡಿ ತೋರಿಸಿದೆ. ಅವನು ಟವೆಲು ಕೊಡವಿಕೊಂಡು ಒಳಗೆ ಹೋದ. ನಾನು ಚಿಲಕ ಹಾಕಿಕೊಂಡು ಮಲಗಿದೆ. ನಿದ್ದೆ ಬಂತು.

ಇನ್ನು ಮೇಲೆ ದಿನಾ ಇಳಿಯಬೇಕಂತೆ, ನಂದ ಹೇಳಿದ. ಈ ಕಾಗದದಲ್ಲಿ ಹೂಂ ಅಂತ ಎಲ್ಲೂ ಬರೆದಿಲ್ಲ, ಹುಡುಕಬೇಡ.

ಎಷ್ಟು ಹೊತ್ತಿಗೆ ಇಳಿಯುತ್ತೀಯ, ಎಷ್ಟು ಹೊತ್ತಿಗೆ ಮೇಲೆ ಬರುತ್ತೀಯ, ಸರಿಯಾಗಿ ಬರಿ. ದಪ್ಪಕ್ಕೆ ಬರಿ. ಅಷ್ಟು ಹೊತ್ತು ಮೇಕೆ ಕಟ್ಟಿಹಾಕು ಅಂತ ಕಲ್ಪನಗೆ ಹೇಳಬೇಕು.

ನಿನ್ನ ಅತ್ತೆ,
ದೊಡ್ಡಮುನಿಯಮ್ಮ